ಹಿತ್ತಲಲ್ಲಿ ಈರುಳ್ಳಿ: ಚಿತ್ರದುರ್ಗ, ದಾವಣಗೆರೆ ಸೀಮೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಗಾರಿನಲ್ಲಿ ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಹೋದರೆ ಎಲ್ಲಿ ನೋಡಿದರೂ ಈರುಳ್ಳಿ ಹೊಲ. ಹಾಗಾಗಿ ನಮ್ಮ ಕಡೆಯವರು ಹಿತ್ತಲಲ್ಲಿ ನಾಲ್ಕು ಗಡ್ಡೆ ಬೆಳೆಯೋಣ ಅಂದುಕೊಂಡಾಗಲೂ ಮೊದಲು ನೆನಪಾಗೋದು ಜೂನ್ ತಿಂಗಳೇ. ಊರೆಲ್ಲ ಬಿತ್ತುವಾಗ ನಾವೂ ಬಿತ್ತೋಣ ಅನ್ನಿಸೋದು ಸಹಜ. ಆದರೆ ಮನೆಮಟ್ಟಿಗೆ ಬೆಳೆಯುವವರಿಗೆ ನಾನು ಹೇಳೋದು ಬೇರೆ. ಮುಂಗಾರು ಬಿಡಿ, ಹಿಂಗಾರಿಗೆ ಹಾಕಿ.

ಹೊಲದವರು ಮುಂಗಾರಿಗೆ ಹಾಕೋದು ಮಳೆ ನಂಬಿ. ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಕೊಳವೆಬಾವಿ ಇಲ್ಲದವರಿಗೆ ಮಳೆಗಾಲ ಬಿಟ್ಟರೆ ಬೇರೆ ಕಾಲವೇ ಇಲ್ಲ. ಆ ಬೆಳೆಯ ಕಷ್ಟವೂ ಅಷ್ಟೇ ದೊಡ್ಡದು. ಎಲೆ ಹಸಿ ಇದ್ದಷ್ಟು ದಿನ ರೋಗ. ಕೀಳುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದರೆ ಗಡ್ಡೆ ಹೊಲದಲ್ಲೇ ಕೊಳೆಯುತ್ತದೆ. ಮುಂಗಾರಿನ ಈರುಳ್ಳಿ ಇಟ್ಟರೆ ತುಂಬ ದಿನ ಬಾಳುವುದೂ ಇಲ್ಲ, ಕಿತ್ತ ಕೆಲವೇ ವಾರದಲ್ಲಿ ಮೊಳಕೆ ಒಡೆಯುತ್ತದೆ ಅಥವಾ ಮೆತ್ತಗಾಗುತ್ತದೆ. ಹಿತ್ತಲಿನವರಿಗೆ ಈ ಇಕ್ಕಟ್ಟು ಇಲ್ಲ. ನಮಗೆ ಬೇಕಾಗೋದು ದಿನಕ್ಕೊಂದು ಕೊಡ, ಒಂದೂವರೆ ಕೊಡ ನೀರು, ಅದು ನಲ್ಲಿಯಲ್ಲೋ ತೊಟ್ಟಿಯಲ್ಲೋ ಸಿಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಣ ಹವೆ, ಒಳ್ಳೆ ಬಿಸಿಲು, ರಾತ್ರಿ ತಂಪು. ಗಡ್ಡೆ ಕಟ್ಟೋಕೆ, ಆಮೇಲೆ ಒಣಗಿಸೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಲೆಕ್ಕ ಹೀಗಿದೆ. ಹಸ್ತ, ಚಿತ್ತೆ ಮಳೆಯ ಸುಮಾರಿಗೆ, ಅಂದರೆ ಅಕ್ಟೋಬರ್ ಮೊದಲ ಎರಡು ವಾರದಲ್ಲಿ ಬೀಜ ಚೆಲ್ಲಬೇಕು. 45 ದಿನಕ್ಕೆ ಸಸಿ ಸಿದ್ಧ. ನವೆಂಬರ್ ಮೂರನೇ ವಾರ ನಾಟಿ. ಅಲ್ಲಿಂದ 100-110 ದಿನಕ್ಕೆ, ಮಾರ್ಚ್ ಮೊದಲ ವಾರದ ಹೊತ್ತಿಗೆ ಗಡ್ಡೆ ಕೀಳಬಹುದು. ಯುಗಾದಿ ಹೊತ್ತಿಗೆ ಒಣಗಿದ ಈರುಳ್ಳಿ ಮನೆಯೊಳಗೆ ಇರುತ್ತದೆ.

ಎಷ್ಟು ಜಾಗಕ್ಕೆ ಎಷ್ಟು ಸಿಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೇದು. 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಯಲ್ಲಿ ಸುಮಾರು 240 ಸಸಿ ಹಿಡಿಯುತ್ತವೆ. ಚೆನ್ನಾಗಿ ನೋಡಿಕೊಂಡರೆ 9-10 ಕೆ.ಜಿ. ಈರುಳ್ಳಿ ಬರುತ್ತದೆ. ಇದರಿಂದ ವರ್ಷವೆಲ್ಲ ಅಡುಗೆ ಆಗೋದಿಲ್ಲ. ಆದರೆ ರೊಟ್ಟಿ ಜೊತೆ ಕಚ್ಚಿ ತಿನ್ನೋಕೆ, ಮಂಡಕ್ಕಿಗೆ ಹೆಚ್ಚಿ ಹಾಕೋಕೆ ಮನೆಯದೇ ಈರುಳ್ಳಿ ಒಂದಷ್ಟು ತಿಂಗಳು ಇರುತ್ತದೆ. ಹೆಚ್ಚು ಬೇಕಿದ್ದರೆ ಮಡಿ ಎರಡು ಮಾಡಿ. ಸಾಲು ಮಾತ್ರ ಒತ್ತೊತ್ತಾಗಿ ಹಾಕಬೇಡಿ.

ಬೀಜ ಮತ್ತು ತಳಿ

ಈರುಳ್ಳಿ ಗಡ್ಡೆ ಕಟ್ಟೋದು ಹಗಲಿನ ಉದ್ದ ನೋಡಿಕೊಂಡು. ನಮ್ಮ ಕಡೆ ಡಿಸೆಂಬರ್‌ನಲ್ಲಿ ಹಗಲು ಹನ್ನೊಂದು ಗಂಟೆ ಚಿಲ್ಲರೆ, ಜೂನ್‌ನಲ್ಲಿ ಸುಮಾರು ಹದಿಮೂರು ಗಂಟೆ. ನಮ್ಮ ದೇಶದ ತಳಿಗಳು ಇಷ್ಟು ಹಗಲಿಗೇ ಗಡ್ಡೆ ಕಟ್ಟುತ್ತವೆ. ಆನ್‌ಲೈನ್‌ನಲ್ಲಿ ಚಂದದ ಫೋಟೊ ಹಾಕಿ ಮಾರುವ ಕೆಲವು ವಿದೇಶಿ ತಳಿಗಳಿಗೆ 14 ಗಂಟೆಗಿಂತ ಜಾಸ್ತಿ ಹಗಲು ಬೇಕು. ಅವನ್ನು ಇಲ್ಲಿ ಹಾಕಿದರೆ ಸೊಪ್ಪು ಹುಲುಸಾಗಿ ಬೆಳೆಯುತ್ತದೆ, ಬುಡದಲ್ಲಿ ಗಡ್ಡೆ ಇರೋದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಹಿಂಗಾರಿಗೆ ಅರ್ಕಾ ನಿಕೇತನ್ ನನ್ನ ಮೊದಲ ಆಯ್ಕೆ. ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಕತ್ತು (ಗಡ್ಡೆ ಮತ್ತು ಸೊಪ್ಪು ಸೇರುವ ಜಾಗ) ಸಣ್ಣ, ಗಡ್ಡೆ ಗಟ್ಟಿ, ಇಟ್ಟರೆ ನಾಲ್ಕೈದು ತಿಂಗಳು ಬಾಳುತ್ತದೆ. ಭೀಮಾ ಶಕ್ತಿ, ಭೀಮಾ ಕಿರಣ್, ಅಗ್ರಿಫೌಂಡ್ ಲೈಟ್ ರೆಡ್ ಕೂಡ ಈ ಕಾಲಕ್ಕೆ ಹೊಂದುತ್ತವೆ. ಮುಂಗಾರಿಗೇ ಹಾಕುತ್ತೇನೆ ಅನ್ನುವವರಿಗೆ ಅರ್ಕಾ ಕಲ್ಯಾಣ್, ಅಗ್ರಿಫೌಂಡ್ ಡಾರ್ಕ್ ರೆಡ್, ಭೀಮಾ ಸೂಪರ್ ಇವೆ. ಅರ್ಕಾ ಕಲ್ಯಾಣ್ ನೇರಳೆ ಮಚ್ಚೆ ರೋಗವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಒಂದು ಕಾಲದ ತಳಿಯನ್ನು ಇನ್ನೊಂದು ಕಾಲಕ್ಕೆ ಹಾಕಬೇಡಿ. ಅಂಗಡಿಯವರು ‘ಎಲ್ಲಾ ಕಾಲಕ್ಕೂ ಆಗುತ್ತೆ’ ಅಂದರೂ ತಳಿಯ ಹೆಸರು ಕೇಳಿಯೇ ತೆಗೆದುಕೊಳ್ಳಿ. ಗೊಂದಲ ಇದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರು ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ ಎರಡೂ ಹತ್ತಿರದಲ್ಲೇ ಇವೆ, ಹೋಗಿ ಕೇಳಬಹುದು.

ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ. ಟೊಮೆಟೊ, ಬದನೆ ಬೀಜದಂತೆ ನಾಲ್ಕು ವರ್ಷ ಡಬ್ಬಿಯಲ್ಲಿ ಇಟ್ಟುಕೊಳ್ಳೋಕೆ ಆಗೋದಿಲ್ಲ. ಒಂದು ವರ್ಷ ಕಳೆದರೆ ಮೊಳಕೆ ತೀರಾ ಕಡಿಮೆಯಾಗುತ್ತದೆ. ಅದಕ್ಕೇ ಪೊಟ್ಟಣದ ಮೇಲೆ ಬೀಜ ಪರೀಕ್ಷೆ ಮಾಡಿದ ದಿನಾಂಕ, ವಾಯಿದೆ ಮುಗಿಯುವ ದಿನಾಂಕ ಎರಡನ್ನೂ ಓದಿ. ಮನೆಯಲ್ಲಿ ಇರುವ ಬೀಜದ ಮೇಲೆ ಅನುಮಾನ ಇದ್ದರೆ ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿಡಿ. ಬಟ್ಟೆ ಒಣಗದಂತೆ ನೋಡಿಕೊಂಡು ಎಂಟನೇ ದಿನ ಬಿಚ್ಚಿ ನೋಡಿ. ಹನ್ನೆರಡಕ್ಕಿಂತ ಕಡಿಮೆ ಮೊಳೆತಿದ್ದರೆ ಹೊಸ ಬೀಜ ತನ್ನಿ.

ನಾನು ಹೇಳಿದ ಅಳತೆಯ ಮಡಿಗೆ 4 ಗ್ರಾಂ ಬೀಜ ಧಾರಾಳ. ಒಂದು ಗ್ರಾಂನಲ್ಲಿ ಸುಮಾರು 250-300 ಬೀಜ ಇರುತ್ತವೆ. ಜಾಸ್ತಿ ಅನ್ನಿಸಬಹುದು, ಆದರೆ ಎಲ್ಲವೂ ಮೊಳೆಯೋದಿಲ್ಲ, ಮೊಳೆತದ್ದೆಲ್ಲ ನಾಟಿಗೆ ಬರೋದಿಲ್ಲ. ಉಳಿದ ಸಸಿಯನ್ನು ಸೊಪ್ಪಾಗಿ ಅಡುಗೆಗೆ ಹಾಕಬಹುದು.

ಜಾಗ, ಮಣ್ಣು, ನೀರು

ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕೇಬೇಕು. ಹಿಂಗಾರಿನಲ್ಲಿ ಬೆಳೆಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡು ಮಧ್ಯಾಹ್ನ ಕೂಡ ಹತ್ತಡಿ ಗೋಡೆಯ ನೆರಳು ಉತ್ತರಕ್ಕೆ ಎಂಟು ಅಡಿಯಷ್ಟು ಚಾಚುತ್ತದೆ. ಜೂನ್‌ನಲ್ಲಿ ಬಿಸಿಲು ಬೀಳುತ್ತಿದ್ದ ಜಾಗ ಡಿಸೆಂಬರ್‌ನಲ್ಲಿ ಪೂರ್ತಿ ನೆರಳಾಗಿರಬಹುದು. ಹಾಗಾಗಿ ಮನೆಯ ಅಥವಾ ಕಾಂಪೌಂಡಿನ ಗೋಡೆಗೆ ಉತ್ತರದಲ್ಲಿ ಮಡಿ ಮಾಡೋದಾದರೆ ಆ ನೆರಳು ಬಿಟ್ಟು ಆಚೆ ಮಾಡಿ. ನೆರಳಲ್ಲಿ ಬೆಳೆದ ಈರುಳ್ಳಿಗೆ ಸೊಪ್ಪು ಉದ್ದ, ಗಡ್ಡೆ ಚಿಕ್ಕದು.

ಮಣ್ಣು ನಮ್ಮಲ್ಲಿ ಎರಡು ಥರ. ಮಸಾರಿ ಅಥವಾ ಕೆಂಪು ಮಣ್ಣು ಒಂದು, ಎರೆ ಅಥವಾ ಕಪ್ಪು ಮಣ್ಣು ಇನ್ನೊಂದು. ಕೆಂಪು ಮಣ್ಣಿನಲ್ಲಿ ನೀರು ನಿಲ್ಲೋದಿಲ್ಲ, ಗಡ್ಡೆ ಬಣ್ಣ ಚೆನ್ನಾಗಿ ಬರುತ್ತದೆ. ಆದರೆ ಬೇಗ ಒಣಗುತ್ತದೆ, ಸಾರ ಕಡಿಮೆ. ಎರೆಯಲ್ಲಿ ಸಾರ ಜಾಸ್ತಿ, ಆದರೆ ನೀರು ಜಾಸ್ತಿಯಾದರೆ ಅಂಟಾಗಿ ಬೇರಿಗೆ ಗಾಳಿ ಸಿಗೋದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಈರುಳ್ಳಿ ಎರಡರಲ್ಲೂ ಬೆಳೆಯುತ್ತದೆ. ಎರೆ ಮಣ್ಣಾದರೆ ಮಡಿಯನ್ನು ನೆಲಮಟ್ಟದಿಂದ ಗೇಣುದ್ದ ಎತ್ತರಿಸಿ. ಕೆಂಪು ಮಣ್ಣಾದರೆ ನಾಲ್ಕು ಬೆರಳು ಎತ್ತರ ಸಾಕು.

ಈರುಳ್ಳಿ ಬೇರು ಆಳಕ್ಕೆ ಹೋಗೋದಿಲ್ಲ. ಹೆಚ್ಚುಕಡಿಮೆ ಎಲ್ಲ ಬೇರೂ ಮೇಲಿನ 15-20 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಗೊಬ್ಬರ, ನೀರು, ಕಳೆ ತೆಗೆಯುವ ರೀತಿ ಎಲ್ಲವೂ ಇದರ ಮೇಲೇ ನಿಂತಿದೆ. ಆಳವಾಗಿ ಗುಂಡಿ ತೋಡಿ ಗೊಬ್ಬರ ತುಂಬುವ ಅಗತ್ಯ ಇಲ್ಲ. ಮೇಲಿನ ಒಂದು ಗೇಣು ಮಣ್ಣನ್ನು ಚೆನ್ನಾಗಿ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ ಹುಡಿ ಮಾಡಿ. ಚದರ ಮೀಟರಿಗೆ 2.5-3 ಕೆ.ಜಿ. ತಿಪ್ಪೆ ಗೊಬ್ಬರ ಬೆರೆಸಿ. ನಮ್ಮ ಮಡಿಗೆ ಹತ್ತು ಹನ್ನೊಂದು ಕೆ.ಜಿ. ಆಯಿತು. ಗೊಬ್ಬರ ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು, ಮಣ್ಣಿನ ವಾಸನೆ ಬರಬೇಕು. ಹಸಿ ಗೊಬ್ಬರ ಹಾಕಿದರೆ ಹುಳ ಬರುತ್ತದೆ, ಬುಡ ಕೊಳೆಯುತ್ತದೆ, ಕತ್ತು ದಪ್ಪವಾಗುತ್ತದೆ. ಇದರ ಜೊತೆ ಚದರ ಮೀಟರಿಗೆ ಎರಡು ಹಿಡಿ ಬೇವಿನ ಹಿಂಡಿ, 20 ಗ್ರಾಂ ಜಿಪ್ಸಂ. ಜಿಪ್ಸಂನಲ್ಲಿ ಗಂಧಕ ಇರುತ್ತದೆ. ಈರುಳ್ಳಿಯ ಖಾರ, ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವ ಘಾಟು, ಎರಡೂ ಗಂಧಕದಿಂದಲೇ ಬರೋದು. ತರಕಾರಿಗಳಲ್ಲಿ ಗಂಧಕ ಜಾಸ್ತಿ ಬೇಡುವವುಗಳಲ್ಲಿ ಇದೂ ಒಂದು.

ನೀರಿನ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಬಿಡಿಸಿ ಹೇಳಲೇಬೇಕು. ಈರುಳ್ಳಿ ಉಪ್ಪು ನೀರನ್ನು ಸಹಿಸೋದಿಲ್ಲ. ಸವಳು ನೀರು ಹಾಯಿಸಿದರೆ ಎಲೆ ತುದಿ ಸುಟ್ಟಂತೆ ಒಣಗುತ್ತದೆ, ಗಡ್ಡೆ ಕುಂಟುತ್ತದೆ. ಕೊಡದ ಬುಡದಲ್ಲಿ ಬಿಳಿ ಪೊರೆ ಕಟ್ಟುವ, ಕುಡಿದರೆ ಉಪ್ಪುಪ್ಪು ಅನ್ನಿಸುವ ಬೋರ್ ನೀರು ನಿಮ್ಮದಾದರೆ ಅದೊಂದನ್ನೇ ನಂಬಬೇಡಿ. ಮಳೆ ನೀರು ತೊಟ್ಟಿಯಲ್ಲಿ ಹಿಡಿದಿಟ್ಟಿದ್ದರೆ ಅದನ್ನು ಬೆರೆಸಿ. ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ನಲ್ಲಿಗೆ ನೀರು ಬರುವ ಊರುಗಳಲ್ಲಿ, ಅಕ್ಕಿ ಬೇಳೆ ತೊಳೆದ ನೀರನ್ನು ಚೆಲ್ಲದೆ ಮಡಿಗೆ ಹಾಕಿದರೂ ಒಂದಷ್ಟು ಅನುಕೂಲವಾಗುತ್ತದೆ. ಸೋಪಿನ ನೀರು, ಪಾತ್ರೆ ತೊಳೆದ ನೀರು ಬೇಡ.

ಸಸಿ ಮಡಿ

ಕೂರಿಗೆಯಲ್ಲಿ ನೇರ ಬಿತ್ತುವ ಪದ್ಧತಿ ಹೊಲಕ್ಕೆ ಸರಿ. ಹಿತ್ತಲಿಗೆ ಸಸಿ ಮಾಡಿ ನಾಟಿ ಮಾಡೋದೇ ಒಳ್ಳೇದು. ಜಾಗ ಉಳಿಯುತ್ತದೆ, ಕಳೆ ಕಡಿಮೆ, ಗಡ್ಡೆ ಒಂದೇ ಸಮ ಬರುತ್ತದೆ.

ಮೂರಡಿ ಉದ್ದ, ಎರಡಡಿ ಅಗಲದ ಚಿಕ್ಕ ಏರು ಮಡಿ ಮಾಡಿ. ಹಳೆ ಟಬ್ಬು, ತೂತು ಮಾಡಿದ ತರಕಾರಿ ಕ್ರೇಟು ಆದರೂ ಸರಿ. ಒಂದು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ ಬೆರೆಸಿ. ಗೊಬ್ಬರಕ್ಕೆ ಎರಡು ಚಮಚ ಟ್ರೈಕೋಡರ್ಮಾ (ಗಿಡಕ್ಕೆ ಉಪಕಾರಿಯಾದ ಶಿಲೀಂಧ್ರ) ಪುಡಿ ಸೇರಿಸಿ, ಸ್ವಲ್ಪ ನೀರು ಚಿಮುಕಿಸಿ, ವಾರ ಮುಂಚೆಯೇ ನೆರಳಲ್ಲಿ ಮುಚ್ಚಿಟ್ಟರೆ ಇನ್ನೂ ಒಳ್ಳೇದು. ಈರುಳ್ಳಿ ಸಸಿ ಚಿಕ್ಕದಿರುವಾಗ ಬುಡ ಕೊಳೆತು ಗುಂಪುಗುಂಪಾಗಿ ಮಲಗಿಬಿಡುತ್ತವೆ. ಅಕ್ಟೋಬರ್ ಮಳೆಯಲ್ಲಿ ಇದು ಜಾಸ್ತಿ. ಟ್ರೈಕೋಡರ್ಮಾ ಬುಡ ಕೊಳೆಸುವ ಆ ಶಿಲೀಂಧ್ರವನ್ನು ತಡೆಯುತ್ತದೆ.

ನಾಲ್ಕು ಬೆರಳಿಗೊಂದು ಗೆರೆ ಎಳೆಯಿರಿ. ಗೆರೆಯ ಆಳ ಒಂದು ಸೆಂ.ಮೀ. ಅದಕ್ಕಿಂತ ಆಳ ಬೇಡ. ಬೀಜವನ್ನು ತೆಳ್ಳಗೆ ಉದುರಿಸಿ. ಮೇಲೆ ಮುಚ್ಚೋದು ಮಣ್ಣಿನಿಂದಲ್ಲ, ಜರಡಿ ಹಿಡಿದ ಗೊಬ್ಬರದಿಂದ. ನಮ್ಮ ಕೆಂಪು ಮಣ್ಣು ಒಂದು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಈರುಳ್ಳಿ ಮೊಳಕೆ ಬಾಗಿದ ದಾರದ ಹಾಗೆ ಮೇಲೇಳುತ್ತದೆ, ಅದಕ್ಕೆ ಆ ಪದರ ಒಡೆಯುವ ಶಕ್ತಿ ಇಲ್ಲ. ಗೊಬ್ಬರ ಮುಚ್ಚಿದರೆ ಈ ತೊಂದರೆ ಬರೋದಿಲ್ಲ. ಮೇಲೆ ಭತ್ತದ ಹುಲ್ಲು ತೆಳ್ಳಗೆ ಹರಡಿ, ರೋಸ್‌ಕ್ಯಾನಿನಲ್ಲಿ (ಸಣ್ಣ ತೂತುಗಳ ಮೂತಿ ಇರುವ ನೀರಿನ ಡಬ್ಬಿ) ದಿನಾ ನೀರು ಚಿಮುಕಿಸಿ.

ಏಳರಿಂದ ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಮೊದಲ ಹಸಿರು ಕಂಡ ದಿನವೇ ಸಂಜೆ ಹುಲ್ಲು ತೆಗೆದುಬಿಡಿ. ಒಂದು ದಿನ ತಡವಾದರೂ ಸಸಿ ಬೆಳ್ಳಗೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಜೋರು ಮಳೆ ಬರುವಂತಿದ್ದರೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ, ಮಳೆ ನಿಂತ ಮೇಲೆ ತೆಗೆಯಿರಿ. ಹಳ್ಳಿ ಮನೆಗಳಲ್ಲಿ ಕೋಳಿ ಇದ್ದರೆ ಹೊಸ ಮಡಿ ಕಂಡರೆ ಕೆದಕದೆ ಬಿಡೋದಿಲ್ಲ. ಸುತ್ತ ಜಾಲಿ ಮುಳ್ಳು ಹಾಕಿ.

ನಾಟಿಗೆ ಹತ್ತು ದಿನ ಇರುವಾಗ ನೀರು ಕಡಿಮೆ ಮಾಡುತ್ತಾ ಬನ್ನಿ. ಸಸಿ ಸ್ವಲ್ಪ ಗಡಸಾಗಬೇಕು.

ನಾಟಿ

ಸಸಿ 15-20 ಸೆಂ.ಮೀ. ಎತ್ತರ, ಬುಡ ಅರ್ಧ ಸೆಂ.ಮೀ. ದಪ್ಪ ಇದ್ದರೆ ನಾಟಿಗೆ ಸರಿ. ತೀರಾ ಎಳೆಯದು ಬಾಡುತ್ತದೆ. ಬುಡದಲ್ಲಿ ಆಗಲೇ ಗುಂಡಗೆ ಉಬ್ಬಿದ ಸಸಿಯನ್ನು ನೆಡಬೇಡಿ, ವಯಸ್ಸು ಮೀರಿದ ಸಸಿ ಗಡ್ಡೆ ಬಿಟ್ಟು ಹೂವಿನ ಕಡೆ ಹೋಗುತ್ತದೆ.

ಹಿಂದಿನ ದಿನ ಸಂಜೆ ಸಸಿ ಮಡಿಗೆ ಚೆನ್ನಾಗಿ ನೀರು ಕೊಡಿ. ಮರುದಿನ ಸಂಜೆ, ಬಿಸಿಲು ಇಳಿದ ಮೇಲೆ, ಕುರ್ಚಿಗೆಯನ್ನು (ಕಳೆ ತೆಗೆಯುವ ಚಿಕ್ಕ ಕೈ ಸಲಕರಣೆ) ಸಸಿಯ ಕೆಳಗೆ ಹಾಕಿ ಎತ್ತಿ. ಸೊಪ್ಪು ಹಿಡಿದು ಎಳೆಯಬೇಡಿ. ಒಂದೊಂದಾಗಿ ಬಿಡಿಸಿಕೊಳ್ಳಿ. ಎಲೆಯ ತುದಿಯಲ್ಲಿ ಮೂರನೇ ಒಂದು ಪಾಲು ಕತ್ತರಿಯಲ್ಲಿ ಕತ್ತರಿಸಿ. ಎಲೆ ಕಡಿಮೆಯಾದರೆ ನೀರು ಆವಿಯಾಗೋದೂ ಕಡಿಮೆ, ಸಸಿ ಬೇಗ ಚೇತರಿಸಿಕೊಳ್ಳುತ್ತದೆ. ತೀರಾ ಉದ್ದದ ಬೇರಿದ್ದರೆ ಎರಡು ಬೆರಳಷ್ಟು ಉಳಿಸಿ ಕತ್ತರಿಸಬಹುದು.

ಸಾಲಿಂದ ಸಾಲಿಗೆ 15 ಸೆಂ.ಮೀ., ಸಸಿಯಿಂದ ಸಸಿಗೆ 10 ಸೆಂ.ಮೀ. ಮಡಿಗೆ ಮೊದಲೇ ನೀರು ಹಾಯಿಸಿ ಮಣ್ಣು ಮೆತ್ತಗೆ ಮಾಡಿಕೊಂಡಿರಿ. ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಾತ್ರ ಮಣ್ಣಿಗೆ ಒತ್ತಿ. ಆ ಕುಳಿಯಲ್ಲಿ ಬೇರು ಕೆಳಮುಖವಾಗಿ ಇಳಿಸಿ. ಬೇರು ಮೇಲಕ್ಕೆ ಮಡಚಿಕೊಂಡಿದ್ದರೆ ಸಸಿಯನ್ನು ಕೂದಲೆಳೆಯಷ್ಟು ಮೇಲೆತ್ತಿ, ನೆಟ್ಟಗಾಗುತ್ತದೆ. ಬಿಳಿ ಬುಡ ಮಣ್ಣೊಳಗೆ, ಹಸಿರು ಶುರುವಾಗುವ ಜಾಗ ಮಣ್ಣಿನ ಮೇಲೆ. ಎರಡು ಬೆರಳಿಂದ ಪಕ್ಕದ ಮಣ್ಣು ಒತ್ತಿದರೆ ಮುಗಿಯಿತು. ಆಳವಾಗಿ ನೆಟ್ಟರೆ ಸಸಿ ಗಟ್ಟಿಯಾಗಿ ನಿಲ್ಲುತ್ತದೆ ಅಂತ ಕೆಲವರು ಅರ್ಧ ಸಸಿ ಹೂತುಬಿಡುತ್ತಾರೆ. ಅಂಥ ಗಡ್ಡೆ ಗುಂಡಗಾಗದೆ ಉದ್ದುದ್ದ, ದಪ್ಪ ಕತ್ತಿನದ್ದಾಗುತ್ತದೆ. ಕತ್ತು ದಪ್ಪ ಇದ್ದರೆ ಒಣಗೋದಿಲ್ಲ, ಒಣಗದಿದ್ದರೆ ಬಾಳೋದಿಲ್ಲ.

ನೆಟ್ಟ ತಕ್ಷಣ ನೀರು, ಮೂರನೇ ದಿನ ಮತ್ತೊಮ್ಮೆ ತೆಳ್ಳಗೆ ನೀರು. ಎರಡು ಮೂರು ದಿನ ಸಸಿಗಳು ಮಲಗಿದಂತೆ ಕಾಣುತ್ತವೆ. ಹೆದರಬೇಡಿ, ವಾರದೊಳಗೆ ಏಳುತ್ತವೆ. ಹತ್ತನೇ ದಿನ ಸತ್ತ ಜಾಗದಲ್ಲಿ ಉಳಿದ ಸಸಿ ನೆಟ್ಟು ಸಾಲು ತುಂಬಿಸಿ.

ತಾರಸಿಯಲ್ಲಿ ಬೆಳೆಯುವವರಿಗೆ ಒಂದು ಗೇಣು ಆಳದ ಅಗಲವಾದ ಟಬ್ಬು ಅಥವಾ ಗ್ರೋ ಬ್ಯಾಗು ಸಾಕು. ಆಳಕ್ಕಿಂತ ಅಗಲ ಮುಖ್ಯ. ಅಂತರ ಅದೇ 10 ಸೆಂ.ಮೀ. ಕುಂಡದ ಮಣ್ಣು ಬೇಗ ಒಣಗುತ್ತದೆ, ಚಿತ್ರದುರ್ಗದ ಗಾಳಿಗಂತೂ ಇನ್ನೂ ಬೇಗ. ದಿನ ಬಿಟ್ಟು ದಿನ ಬೆರಳಿಟ್ಟು ನೋಡಿ ನೀರು ಹಾಕಿ.

ನೀರು, ಗೊಬ್ಬರ, ಕಳೆ

ನೀರು ಒಂದೇ ಹದದಲ್ಲಿ ಇರಬೇಕು. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಗೇ ತುಂಬಿಸಿದರೆ ಗಡ್ಡೆ ಸೀಳುತ್ತದೆ, ಜೋಡಿ ಗಡ್ಡೆಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಮೂರು ದಿನಕ್ಕೊಮ್ಮೆ ನಮ್ಮ ಮಡಿಗೆ ಮೂರರಿಂದ ನಾಲ್ಕು ಕೊಡ ನೀರು ಬೇಕು. ಎರೆಯಾದರೆ ಐದಾರು ದಿನಕ್ಕೊಮ್ಮೆ. ಬೆರಳು ಮಣ್ಣಿಗೆ ಇಳಿಸಿ ನೋಡಿ, ಎರಡು ಗೆಣ್ಣಿನ ಆಳದಲ್ಲಿ ತೇವ ಇದ್ದರೆ ಇನ್ನೊಂದು ದಿನ ಕಾಯಬಹುದು. ಬೆಳಿಗ್ಗೆ ಹೊತ್ತು ಬುಡಕ್ಕೆ ಹಾಯಿಸಿ. ಸಂಜೆ ಎಲೆ ನೆನೆಸಿದರೆ ರಾತ್ರಿಯೆಲ್ಲ ಒದ್ದೆ ಇದ್ದು ರೋಗ ಕರೆಯುತ್ತದೆ. ನೆಟ್ಟು 50-60 ದಿನ ಆದಾಗ ಗಡ್ಡೆ ಊದುವ ಹೊತ್ತು. ಆಗ ಒಂದು ನೀರೂ ತಪ್ಪಿಸಬೇಡಿ.

ಕಳೆ ವಿಷಯದಲ್ಲಿ ಸೋಮಾರಿತನ ನಡೆಯೋದಿಲ್ಲ. ಈರುಳ್ಳಿ ಎಲೆ ನೇರ ನಿಂತಿರುತ್ತದೆ, ನೆಲಕ್ಕೆ ನೆರಳು ಬೀಳೋದಿಲ್ಲ, ಹಾಗಾಗಿ ಕಳೆಗೆ ತಡೆಯೇ ಇಲ್ಲ. ಮೊದಲ 45 ದಿನ ಮಡಿ ಚೊಕ್ಕಟವಾಗಿರಬೇಕು. ಹೊಲದಲ್ಲಿ ಎಡೆ ಹೊಡೆದಂತೆ ಇಲ್ಲಿ ಕುರ್ಚಿಗೆಯಲ್ಲಿ ಮೇಲ್ಮೇಲೆ ಕೆರೆಯಿರಿ. ಆಳಕ್ಕೆ ಹಾಕಿದರೆ ಬೇರು ಕತ್ತರಿಸುತ್ತದೆ. ಗಡ್ಡೆ ಊದುವಾಗ ಅರ್ಧ ಭಾಗ ಮಣ್ಣಿನ ಮೇಲೆ ಕಾಣಿಸುತ್ತದೆ. ಪಾಪ, ಬಿಸಿಲು ಬೀಳುತ್ತೆ ಅಂತ ಮಣ್ಣು ಏರಿಸಬೇಡಿ. ಅದು ಹಾಗೇ ಇರಬೇಕು.

ಮೇಲುಗೊಬ್ಬರ ಎರಡೇ ಸಲ. ನೆಟ್ಟ ಮೂರನೇ ವಾರ, ಆರನೇ ವಾರ. ಪ್ರತಿ ಸಲ ಚದರ ಮೀಟರಿಗೆ ಕಾಲು ಕೆ.ಜಿ. ಎರೆಹುಳು ಗೊಬ್ಬರ ಸಾಲಿನ ನಡುವೆ ಹಾಕಿ ಮಣ್ಣಲ್ಲಿ ಬೆರೆಸಿ. ಜೀವಾಮೃತ ಮಾಡುವವರು ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಕೆಂಪು ಮಣ್ಣಿನವರು ಒಂದು ಹಿಡಿ ಒಲೆ ಬೂದಿ ಉದುರಿಸಬಹುದು. ಎರೆ ಮಣ್ಣಿಗೆ ಬೂದಿ ಬೇಡ, ಅದು ಮೊದಲೇ ಕ್ಷಾರ. ಯೂರಿಯಾ ಹಾಕುವ ಅಭ್ಯಾಸ ಇರುವವರು ಮೂರನೇ ವಾರ ಚದರ ಮೀಟರಿಗೆ 10 ಗ್ರಾಂ ಮೀರಬೇಡಿ. ಯಾವುದೇ ಆಗಲಿ, ನೆಟ್ಟು ಎರಡು ತಿಂಗಳ ಮೇಲೆ ಸಾರಜನಕ ಕೊಡೋದು ನಿಲ್ಲಿಸಬೇಕು. ಆಮೇಲೆ ಕೊಟ್ಟರೆ ಸೊಪ್ಪು ಬೆಳೆಯುತ್ತಲೇ ಹೋಗುತ್ತದೆ, ಗಡ್ಡೆ ಬಲಿಯೋದಿಲ್ಲ.

ಡಿಸೆಂಬರ್ ಚಳಿ ಜೋರಾದ ವರ್ಷ ಕೆಲವು ಗಿಡದ ನಡುವಿನಿಂದ ಹೂವಿನ ದಂಟು ಏಳುತ್ತದೆ. ಮೊಗ್ಗು ಕಂಡ ಕೂಡಲೇ ಬುಡದಲ್ಲಿ ಮುರಿಯಿರಿ. ದಂಟನ್ನು ಪಲ್ಯಕ್ಕೆ ಹಾಕಿ, ತುಂಬ ರುಚಿ. ಆ ಗಿಡದ ಗಡ್ಡೆಯನ್ನು ಗುರುತಿಟ್ಟುಕೊಂಡು ಮೊದಲು ಬಳಸಿ, ನಡುವೆ ಗಟ್ಟಿ ದಿಂಡು ಇರುವುದರಿಂದ ಅದು ಇಟ್ಟರೆ ಉಳಿಯೋದಿಲ್ಲ.

ಥ್ರಿಪ್ಸ್ ಮತ್ತು ಮಚ್ಚೆ

ಹಿಂಗಾರಿನಲ್ಲಿ ರೋಗ ಕಡಿಮೆ, ಆದರೆ ಒಣ ಹವೆಯಲ್ಲಿ ಥ್ರಿಪ್ಸ್ ನುಸಿ ಬರುತ್ತದೆ. ದೂರದಿಂದ ನೋಡಿದರೆ ಕಾಣೋದಿಲ್ಲ. ಗಿಡದ ಪಕ್ಕ ಕೂತು ನಡುವಿನ ಎರಡು ಎಳೆ ಎಲೆಗಳನ್ನು ಹೆಬ್ಬೆರಳಿಂದ ಮೆಲ್ಲಗೆ ಬಿಡಿಸಿ ನೋಡಿ. ಆ ಸಂದಿಯಲ್ಲಿ ಎಳ್ಳಿಗಿಂತ ಚಿಕ್ಕ, ತೆಳು ಹಳದಿ ಹುಳುಗಳು ಸರಸರ ಓಡಾಡುತ್ತವೆ. ಅವು ಎಲೆ ಕೆರೆದು ರಸ ಹೀರುತ್ತವೆ. ಕೆರೆದ ಜಾಗ ಬೆಳ್ಳಿ ಬಣ್ಣದ ಗೀರುಗಳಾಗುತ್ತದೆ, ಆಮೇಲೆ ಎಲೆ ಬೆಳ್ಳಗಾಗಿ ಸುರುಳಿ ಸುತ್ತುತ್ತದೆ. ವಾರಕ್ಕೊಮ್ಮೆ ನಾಲ್ಕೈದು ಗಿಡ ಹೀಗೆ ಬಿಡಿಸಿ ನೋಡುವ ರೂಢಿ ಇಟ್ಟುಕೊಳ್ಳಿ. ಗೀರು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ನಾಟಿಗೆ ಒಂದು ತಿಂಗಳ ಮುಂಚೆ ಮಡಿಯ ಅಂಚಿಗೆ ಎರಡು ಸಾಲು ಮೆಕ್ಕೆಜೋಳ ಹಾಕಿದರೆ ಗಾಳಿಯಲ್ಲಿ ತೇಲಿ ಬರುವ ಥ್ರಿಪ್ಸ್‌ಗೆ ತಡೆಯಾಗುತ್ತದೆ. ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಬರವಿಲ್ಲ ಅಲ್ವಾ, ಒಂದು ಹಿಡಿ ಕೇಳಿದರೆ ಯಾರಾದರೂ ಕೊಡುತ್ತಾರೆ. ದಕ್ಷಿಣದ ಅಂಚಿಗೆ ಮಾತ್ರ ಬೇಡ, ನೆರಳಾಗುತ್ತದೆ. ಒಂದೆರಡು ನೀಲಿ ಅಂಟು ಹಾಳೆಯನ್ನು ಗಿಡದ ಎತ್ತರಕ್ಕೆ ಕಟ್ಟಿ. ಹುಳು ಕಂಡರೆ ಬೇವಿನ ಬೀಜದ ಕಷಾಯ ಸಿಂಪಡಿಸಿ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಬೇಕು. ಅದಕ್ಕೆ ಸ್ವಲ್ಪ ಸೋಪಿನ ನೀರು ಸೇರಿಸಲೇಬೇಕು. ಈರುಳ್ಳಿ ಎಲೆಯ ಮೇಲೆ ಮೇಣದ ಪೊರೆ ಇರುತ್ತದೆ, ಸೋಪು ಇಲ್ಲದಿದ್ದರೆ ಔಷಧ ಜಾರಿ ನೆಲಕ್ಕೆ ಬೀಳುತ್ತದೆ. ಸಂಜೆ ಹೊತ್ತು, ಎಲೆ ಸಂದಿಗೆ ತಾಗುವಂತೆ ಹೊಡೆಯಿರಿ. ವಾರ ಬಿಟ್ಟು ಇನ್ನೊಮ್ಮೆ.

ಮೋಡ ಕವಿದು ಹನಿ ಬಿದ್ದ ದಿನಗಳಲ್ಲಿ ನೇರಳೆ ಮಚ್ಚೆ ರೋಗ ನೋಡಬೇಕು. ಎಲೆ ಮೇಲೆ ಮೊದಲು ಬಿಳಿ ಚುಕ್ಕೆ, ನಡುವೆ ನೇರಳೆ ಬಣ್ಣ, ಸುತ್ತ ಹಳದಿ. ಅಲ್ಲೇ ಎಲೆ ಮುರಿದು ಬೀಳುತ್ತದೆ. ಒಂದೆರಡು ಎಲೆಯಲ್ಲಿದ್ದರೆ ಕಿತ್ತು ದೂರ ಹಾಕಿ. ಹಬ್ಬುತ್ತಿದ್ದರೆ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಒಮ್ಮೆ ಸಿಂಪಡಿಸಬಹುದು. ಔಷಧ ಹೊಡೆದ ಮೇಲೆ ಆ ಮಡಿಯ ಸೊಪ್ಪು ಅಡುಗೆಗೆ ತರಬೇಡಿ. ಮುಂಗಾರಿನಲ್ಲಿ ಬೆಳೆಯುವವರಿಗೆ ಇದರ ಜೊತೆ ಸುಳಿ ತಿರುಚುವ ರೋಗವೂ ಕಾಡುತ್ತದೆ. ಎಲೆ ಹಾವಿನಂತೆ ಸುತ್ತಿಕೊಂಡು, ಕತ್ತು ಉದ್ದವಾಗಿ, ಗಡ್ಡೆ ಕಟ್ಟದೆ ಗಿಡ ಹಳದಿಯಾಗುತ್ತದೆ. ಕಂಡ ಗಿಡ ಕಂಡ ದಿನವೇ ಕಿತ್ತು ಸುಡಬೇಕು, ನೀರು ನಿಲ್ಲದಂತೆ ಕಾಲುವೆ ಮಾಡಬೇಕು. ಅದಕ್ಕೆ ನಾನು ಹಿಂಗಾರು ಅನ್ನೋದು.

ಈರುಳ್ಳಿ, ಬೆಳ್ಳುಳ್ಳಿ ಬೆಳೆದ ಮಡಿಯಲ್ಲಿ ಮುಂದಿನ ವರ್ಷ ಮತ್ತೆ ಅದನ್ನೇ ಹಾಕಬೇಡಿ. ಬುಡ ಕೊಳೆಸುವ ಶಿಲೀಂಧ್ರ ಮಣ್ಣಿನಲ್ಲೇ ಉಳಿದಿರುತ್ತದೆ. ಅವರೆ, ಹುರುಳಿಕಾಯಿ, ಸೊಪ್ಪು ಹಾಕಿ ಎರಡು ಮೂರು ವರ್ಷ ಬಿಟ್ಟು ಬನ್ನಿ.

ಕೀಳುವ ಹೊತ್ತು

ಗಿಡವೇ ಹೇಳುತ್ತದೆ. ಎಲೆ ಇನ್ನೂ ಹಸಿರಿರುವಾಗಲೇ ಕತ್ತಿನ ಹತ್ತಿರ ಮೆತ್ತಗಾಗಿ ಸೊಪ್ಪು ನೆಲಕ್ಕೆ ಬಾಗುತ್ತದೆ. ಬಾಗಿದ ಗಿಡದ ಕತ್ತನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಒಳಗೆ ಟೊಳ್ಳು ಅನ್ನಿಸಿದರೆ ಬಲಿತಿದೆ. ಇನ್ನೂ ಗಟ್ಟಿ, ಒಳಗೆ ಹೊಸ ಎಲೆ ಇದ್ದಂತೆ ಅನ್ನಿಸಿದರೆ ಕಾಯಿರಿ. ನಾಲ್ಕೈದು ಗಿಡ ಬಾಗಲು ಶುರುವಾದ ದಿನ ನೀರು ನಿಲ್ಲಿಸಿ. ಅರ್ಧಕ್ಕಿಂತ ಜಾಸ್ತಿ ಗಿಡ ಬಾಗಿದ ಮೇಲೆ, ನೀರು ನಿಲ್ಲಿಸಿ ಹತ್ತು ಹದಿನೈದು ದಿನ ಆದಾಗ ಕೀಳಬಹುದು. ಅವಸರಕ್ಕೆ ಬಿದ್ದು ಸೊಪ್ಪು ತುಳಿದು ಬಗ್ಗಿಸುವವರಿದ್ದಾರೆ. ಅದರಿಂದ ಗಡ್ಡೆ ಬಲಿಯೋದಿಲ್ಲ, ಕತ್ತಿಗೆ ಗಾಯವಾಗಿ ಕೊಳೆ ಒಳಗೆ ಇಳಿಯುತ್ತದೆ.

ಬಿಸಿಲಿನ ದಿನ ನೋಡಿ ಬೆಳಿಗ್ಗೆ ಕೀಳಿ. ನೆಲ ಗಟ್ಟಿ ಇದ್ದರೆ ಪಕ್ಕದಲ್ಲಿ ಗುದ್ದಲಿ ಹಾಕಿ ಮೀಟಿ. ಮಣ್ಣು ಉದುರಿಸಿ, ತೊಳೆಯಬೇಡಿ. ಮಡಿಯ ಮೇಲೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಸೊಪ್ಪು ಹಿಂದಿನ ಸಾಲಿನ ಗಡ್ಡೆಗಳನ್ನು ಮುಚ್ಚುವಂತೆ. ಮಾರ್ಚ್ ಬಿಸಿಲು ನೇರ ಬಿದ್ದರೆ ಗಡ್ಡೆ ಬೆಂದಂತಾಗುತ್ತದೆ. ಮೂರ್ನಾಲ್ಕು ದಿನ ಹೀಗಿರಲಿ. ಆಮೇಲೆ ಗಡ್ಡೆಯಿಂದ ಒಂದು ಇಂಚು ಬಿಟ್ಟು ಸೊಪ್ಪು ಕತ್ತರಿಸಿ, ಬೇರು ಕತ್ತರಿಸಿ, ಜಗಲಿಯಲ್ಲೋ ಮರದ ಕೆಳಗೋ ನೆರಳಲ್ಲಿ ಒಂದೇ ಪದರ ಹರಡಿ ಹತ್ತು ಹನ್ನೆರಡು ದಿನ ಬಿಡಿ. ಕತ್ತು ಪೂರ್ತಿ ಮುಚ್ಚಿಕೊಂಡು, ಮೇಲಿನ ಸಿಪ್ಪೆ ಕೈಯಾಡಿಸಿದರೆ ಗರಗರ ಅಂದರೆ ಒಣಗಿದೆ. ಹೆಣೆದು ತೂಗುಹಾಕುವವರು ಸೊಪ್ಪು ಕತ್ತರಿಸದೆ ಹಾಗೇ ನೆರಳಲ್ಲಿ ಒಣಗಿಸಿ.

ಈ ಎರಡು ವಾರದ ಕೆಲಸವನ್ನು ಬಹಳ ಮನೆಗಳಲ್ಲಿ ಬಿಟ್ಟೇಬಿಡುತ್ತಾರೆ. ಕಿತ್ತ ಖುಷಿಗೆ ನೇರ ಚೀಲಕ್ಕೆ ತುಂಬಿ ಮೂಲೆಗಿಡುತ್ತಾರೆ. ಐದು ತಿಂಗಳು ಕಷ್ಟಪಟ್ಟು ಬೆಳೆದದ್ದು ಅಲ್ಲೇ ಹಾಳಾಗೋದು. ದಯವಿಟ್ಟು ಹಾಗೆ ಮಾಡಬೇಡಿ.

ಇಡುವಾಗ ಮೊದಲು ಆರಿಸಿ. ದಪ್ಪ ಕತ್ತಿನವು, ಜೋಡಿ ಗಡ್ಡೆ, ಗುದ್ದಲಿ ತಾಗಿದವು, ಹೂವಿನ ದಂಟು ಬಂದವು ಒಂದು ಬುಟ್ಟಿಗೆ, ಅವನ್ನು ಮೊದಲು ತಿನ್ನಿ. ಉಳಿದವನ್ನು ಬಿದಿರು ಬುಟ್ಟಿಯಲ್ಲೋ ಬಲೆ ಚೀಲದಲ್ಲೋ ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಕವರು ಬೇಡ, ಫ್ರಿಜ್ಜು ಬೇಡ, ಆಲೂಗಡ್ಡೆ ಪಕ್ಕ ಬೇಡ. ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿ ಮೂಸಿ ನೋಡಿ. ಕೊಳೆತ ಒಂದು ಗಡ್ಡೆ ಇದ್ದರೆ ಮೂಗಿಗೆ ಗೊತ್ತಾಗುತ್ತದೆ, ಅದನ್ನು ತೆಗೆದು ಅಕ್ಕಪಕ್ಕದವನ್ನು ಒರೆಸಿ.

ಜುಲೈ ಹೊತ್ತಿಗೆ ಗಾಳಿಯಲ್ಲಿ ತೇವ ಹೆಚ್ಚಿ ಕೆಲವು ಮೊಳಕೆ ಒಡೆಯುತ್ತವೆ. ಅವನ್ನು ಎಸೆಯಬೇಡಿ. ಕುಂಡದಲ್ಲಿ ಒತ್ತೊತ್ತಾಗಿ ಅರ್ಧ ಹೂತು ನೀರು ಹಾಕಿದರೆ ಎರಡು ಮೂರು ವಾರದಲ್ಲಿ ಈರುಳ್ಳಿ ಸೊಪ್ಪು ಸಿಗುತ್ತದೆ. ಎರಡು ಸಲ ಕತ್ತರಿಸಿಕೊಳ್ಳಬಹುದು.